ನಲವತ್ತೊಂದನೇ ಜಾಕೆಟ್

ಏಳನೇ ಕಂತು

“ಮುಟ್ಟಿ ನೋಡಿ ಹೇಳು. ಇದು ಈ ಕೋಣೆಯದ್ದೇ ತಾನೇ?”

ಇನ್‌ಸ್ಪೆಕ್ಟರ್ ಲೈಫ್ ಜಾಕೆಟ್ಟನ್ನು ಜಾಕೆಟ್ ಕೋಣೆಯ ನನ್ನ ಮೇಜಿನ ಮೇಲೆ ಎಸೆದರು. ಬಟ್ಟೆ ಬಿದ್ದ ಸದ್ದಾಗಲಿಲ್ಲ. ತೆಳು ಹಲಗೆ ಬಿದ್ದ ಹಾಗೆ ಟಪ್ಪೆಂದಿತು.

ಆ ಸದ್ದಿಗೇ ನಾನು ತಲೆ ಎತ್ತಿದ್ದು.

ಕಿತ್ತಳೆ ಬಣ್ಣ. ಬೆನ್ನಿನ ಮೇಲೆ ಕಪ್ಪಗೆ ನಲವತ್ತೊಂದು ಎಂಬ ಅಂಕಿ. ಅಂಕಿ ಸ್ವಲ್ಪ ಓರೆ. ಬರೆದವಳು ನಾನೇ.

“ಹೌದು ಸಾರ್.”

“ಕೇಳಿಸಲಿಲ್ಲ.”

“ಹೌದು ಅಂದೆ.”

“ಅಬ್ಬಾ! ಮೂಗಿ ಬಾಯಿ ಬಿಟ್ಟಳು,” ಎಂದ, ಬಾಗಿಲಿಗೆ ಒರಗಿ ನಿಂತಿದ್ದ ಗೈಡು. ಅವನ ಕೊರಳಲ್ಲಿ ಸದಾ ಒಂದು ಸೀಟಿ ತೂಗುತ್ತಿರುತ್ತದೆ. ಅದಕ್ಕೇ ಎಲ್ಲರಿಗೂ ಅವನು ಶಿಳ್ಳೆ. ನನಗೆ ಮೂಗಿ ಎಂದು ಹೆಸರಿಟ್ಟವನೂ ಅವನೇ.

ಯಾರೂ ನಗಲಿಲ್ಲ.

ಶನಿವಾರ ಮಧ್ಯಾಹ್ನ ಈ ಜಾಕೆಟ್ ತೊಟ್ಟು ಹೋದ ಹಗ್ಗದ ಸರ್ ಸೋಮವಾರವಾದರೂ ತಿರುಗಿ ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ಜಾಕೆಟ್ ಮಾತ್ರ ಸಿಕ್ಕಿತ್ತು. ನನ್ನ ಅಣ್ಣನ ದೋಣಿಯಲ್ಲಿ, ಸೀಟಿನ ಅಡಿಯಲ್ಲಿ.

ಅಣ್ಣ ಗೋಡೆಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂತಿದ್ದ. ಹತ್ತು ವರ್ಷದಿಂದ ಈ ಕೆರೆಯಲ್ಲಿ ದೋಣಿ ನಡೆಸುವ ಅವನ ಕೈಗಳು ಯಾವಾಗಲೂ ಏನನ್ನಾದರೂ ಹಿಡಿದೇ ಇರುತ್ತವೆ. ಹುಟ್ಟು, ಹಗ್ಗ, ನೀರು ಎತ್ತಿ ಹಾಕುವ ಡಬ್ಬ. ಇವತ್ತು ಮಾತ್ರ ಅವು ಮಂಡಿಯ ಮೇಲೆ ಸುಮ್ಮನೆ ಬಿದ್ದಿದ್ದವು.

ಅವನ ಎದುರಿಗೆ ಹಗ್ಗದ ಸರ್ ಹೆಂಡತಿ ನಿಂತಿದ್ದರು. ಎರಡು ದಿನದಿಂದ ಅದೇ ಬಟ್ಟೆ.

“ನನ್ನ ಗಂಡನ್ನ ಎಲ್ಲಿ ಮುಳುಗಿಸಿದೆ ಹೇಳೋ,” ಎಂದರು. ಕಿರುಚಲಿಲ್ಲ. ಕಿರುಚಿದ್ದರೆ ತಡೆದುಕೊಳ್ಳಬಹುದಿತ್ತು.

“ನಂಗೆ ಗೊತ್ತಿಲ್ಲಮ್ಮ,” ಎಂದ ಅಣ್ಣ, ನೆಲ ನೋಡುತ್ತಾ.

“ಗೊತ್ತಿಲ್ವಾ? ‘ಇನ್ನೊಂದು ಮಾತಾಡಿದರೆ ಎತ್ತಿ ನೀರಿಗೆ ಹಾಕ್ತೀನಿ’ ಅಂತ ಶನಿವಾರ ಎಲ್ಲರ ಎದುರಿಗೆ ಅಂದಿಲ್ವಾ ನೀನು? ಹದಿನೆಂಟು ಜನ ಕೇಳಿದ್ದಾರೆ.”

ಅಂದಿದ್ದು ನಿಜ. ನಾನೂ ಕೇಳಿದ್ದೆ.

ಹಗ್ಗದ ಸರ್ ಪ್ರತಿ ವರ್ಷ ಪಟ್ಟಣದ ಜನರ ತಂಡ ಕಟ್ಟಿಕೊಂಡು ಈ ಉದ್ಯಾನಕ್ಕೆ ಬರುವವರು. ದೋಣಿ ಹುಟ್ಟು ಹಾಕಿಸುವುದು, ಕಣಿವೆಯ ಮೇಲೆ ಹಗ್ಗ ಬಿಗಿದು ಜನರನ್ನು ದಾಟಿಸುವುದು, ಜಲಪಾತದ ಹಿಂದಿನ ಹಲಗೆ ದಾರಿಯಲ್ಲಿ ನಡೆಸುವುದು ಅವರ ಕೆಲಸ. ಶನಿವಾರ ಗಾಳಿ ಜೋರಾಗಿತ್ತು. ದೋಣಿ ಕೊಡುವುದಿಲ್ಲ ಎಂದ ಅಣ್ಣ. “ಬಾಡಿಗೆ ದೋಣಿಗೆ ಇಷ್ಟು ಧಿಮಾಕಾ?” ಎಂದರು ಅವರು. ಮಾತಿಗೆ ಮಾತು ಬೆಳೆಯಿತು. ಅಣ್ಣನಿಗೆ ಸಿಟ್ಟು ಬರುವುದೇ ಅಪರೂಪ. ಬಂದಾಗ ಬಾಯಿಗೆ ಬೀಗವಿರುವುದಿಲ್ಲ.

“ಹನ್ನೆರಡು ಗಂಟೆಗೆ ಲಾಂಚ್ ಹೊರಡುತ್ತೆ,” ಎಂದರು ಇನ್‌ಸ್ಪೆಕ್ಟರ್. “ಇವನು ಅದರಲ್ಲಿ ಹೋಗ್ತಾನೆ. ಆಚೆ ದಡದಲ್ಲಿ ಜೀಪ್ ಕಾಯ್ತಿದೆ. ಅಷ್ಟರೊಳಗೆ ಯಾರಾದರೂ ಏನಾದರೂ ಹೇಳೋದಿದ್ದರೆ ಹೇಳಿ.”

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ ಐದು ನಿಮಿಷ.

ಒಂದು ಸಲ ಜೀಪು ಹತ್ತಿದವನು ಏನಾಗಿ ಇಳಿಯುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವನು ಈ ಅಣ್ಣ. ಅವನಿಲ್ಲದ ಮನೆ ಎಂದರೆ ಹೇಗಿರುತ್ತದೆ ಎಂದು ಯೋಚಿಸಲು ಹೋಗಿ ಅಲ್ಲಿಗೇ ನಿಲ್ಲಿಸಿದೆ.

ಜೊತೆಯಲ್ಲಿದ್ದ ಪೇದೆ ಜಾಕೆಟ್ಟನ್ನು ಮಡಿಸಿ ಚೀಲಕ್ಕೆ ಹಾಕಲು ಹೋದ. ಅದು ಮಡಚಿಕೊಳ್ಳಲಿಲ್ಲ. ಬಲವಂತ ಮಾಡಿದಾಗ ಮುರಿದ ಬಕಲ್ ಅವನ ಹೆಬ್ಬೆರಳು ಗೀರಿತು. “ಥತ್!” ಎಂದು ಬೆರಳು ಬಾಯಿಗಿಟ್ಟುಕೊಂಡ. ನಾನು ಹಿಂಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದ ಔಷಧದ ಪೆಟ್ಟಿಗೆಯ ಕಡೆ ಕೈ ತೋರಿಸಿದೆ. ಅವನು ಹೋಗಿ ಒಂದು ಪಟ್ಟಿ ಅಂಟಿಸಿಕೊಂಡು, ಪೆಟ್ಟಿಗೆಯನ್ನು ಮತ್ತೆ ಮೊಳೆಗೆ ಸಿಕ್ಕಿಸಿ ಬಂದ.

ಅಷ್ಟರಲ್ಲಿ ನಾನು ಜಾಕೆಟ್ಟಿನ ಹೆಗಲ ಹೊಲಿಗೆಯ ಮೇಲೆ ಬೆರಳು ಆಡಿಸಿದ್ದೆ. ತುದಿಗೆ ಬಿಳಿ ಪುಡಿ ಹತ್ತಿತು.

ಬೆರಳನ್ನು ಮೂಗಿಗೆ ಹಿಡಿದೆ. ವಾಸನೆ ಇರಲಿಲ್ಲ.

“ಸಾರ್,” ಎಂದೆ.

ಯಾರಿಗೂ ಕೇಳಿಸಲಿಲ್ಲ. ನನ್ನ ದನಿ ಯಾವಾಗಲೂ ಹಾಗೆ, ಗಂಟಲಿನಲ್ಲಿ ಹೊರಟು ತುಟಿ ತಲುಪುವಷ್ಟರಲ್ಲಿ ದಾರಿ ತಪ್ಪುತ್ತದೆ. ಏಳನೇ ತರಗತಿಯಲ್ಲಿ ಶಾಲೆ ಬಿಟ್ಟಾಗ ನಾನು ಇದ್ದೆನೆಂಬುದೇ ಟೀಚರಿಗೆ ನೆನಪಿರಲಿಲ್ಲವಂತೆ.

“ಸಾರ್, ಮುಳುಗು ತಜ್ಞರು ತಪ್ಪು ಕೆರೆಯಲ್ಲಿ ಹುಡುಕ್ತಿದ್ದಾರೆ.”

ಈ ಸಲ ಎಲ್ಲರಿಗೂ ಕೇಳಿಸಿತು.

ಇನ್‌ಸ್ಪೆಕ್ಟರ್ ನಿಧಾನವಾಗಿ ತಿರುಗಿದರು. “ಏನಂದೆ?”

“ಪುಟ್ಟೀ,” ಎಂದ ಅಣ್ಣ. ಅಷ್ಟು ಹೊತ್ತು ನೆಲ ನೋಡುತ್ತಿದ್ದವನು ತಟ್ಟನೆ ನನ್ನನ್ನು ನೋಡಿದ. “ಸುಮ್ನಿರು. ನಿಂಗೆ ಗೊತ್ತಿಲ್ಲದ್ದಕ್ಕೆ ಬಾಯಿ ಹಾಕಬೇಡ.”

“ಗೊತ್ತಿರೋದನ್ನೇ ಹೇಳ್ತಿದ್ದೀನಿ ಅಣ್ಣ.”

“ಸುಮ್ನಿರು ಅಂದೆ!”

ಅಣ್ಣ ನನ್ನ ಮೇಲೆ ಗದರಿದ್ದು ನೆನಪೇ ಇಲ್ಲ. ಪಾಪ, ಪೊಲೀಸರ ಬಾಯಿಗೆ ತಂಗಿ ಬೀಳದಿರಲಿ ಎಂದು ಹೀಗೆ ಮಾಡುತ್ತಿದ್ದಾನೆ ಎಂದುಕೊಂಡೆ.

“ನೀನು ಬಾಯಿ ಮುಚ್ಚು,” ಎಂದು ಇನ್‌ಸ್ಪೆಕ್ಟರ್ ಅವನಿಗೆ ಹೇಳಿ ನನ್ನ ಮೇಜಿಗೆ ಎರಡೂ ಕೈ ಊರಿದರು. “ಹೇಳಮ್ಮಾ ಪಂಡಿತೆ. ಹನ್ನೆರಡು ಜನ ಮುಳುಗು ತಜ್ಞರು, ಎರಡು ಯಂತ್ರ, ಎರಡು ದಿನ. ಎಲ್ಲರೂ ತಪ್ಪು. ಜಾಕೆಟ್ ತೊಳೆಯೋಳು ಸರಿ. ಹೇಗೆ?”

ಶಿಳ್ಳೆ ಕಿಸಕ್ಕೆಂದ.

ನಾನು ಜಾಕೆಟ್ಟನ್ನು ಬೆಳಕಿಗೆ ಹಿಡಿದೆ. “ಇದು ನೆಟ್ಟಗೆ ನಿಲ್ಲುತ್ತೆ ಸಾರ್. ಕೆಳಗಿನ ಕೆರೆಯ ಜಾಕೆಟ್ ಒಣಗಿದ ಮೇಲೂ ಮೆತ್ತಗಿರುತ್ತೆ, ಕೊಳೆತ ಎಲೆಯ ವಾಸನೆ ಬರುತ್ತೆ. ಇದಕ್ಕೆ ವಾಸನೆ ಇಲ್ಲ. ಹೊಲಿಗೆಯಲ್ಲೆಲ್ಲ ಬಿಳಿ ಕಟ್ಟಿದೆ. ಇದು ಮೇಲಿನ ಕೆರೆಯ ನೀರು.”

ಇಲ್ಲಿ ಎರಡು ಕೆರೆಗಳ ಬಗ್ಗೆ ಹೇಳಬೇಕು. ಕೆಳಗಿನದು ನಮ್ಮ ದೋಣಿಕಟ್ಟೆಯ ಕೆರೆ. ಕಾಡಿನ ತೊರೆಯ ಕಂದು ನೀರು ತುಂಬಿದ್ದು. ಮೇಲಿನದು ಗುಡ್ಡದ ತಲೆಯ ಮೇಲಿದೆ. ಸುಣ್ಣದ ಕಲ್ಲಿನಿಂದ ಜಿನುಗಿ ಬರುವ ನೀರು, ನೋಡಲು ಹಸಿರು ಗಾಜಿನ ಹಾಗೆ. ಅದರ ಜಲಪಾತ ಗುಡ್ಡದ ಆಚೆ ಬದಿಗೆ ಧುಮುಕಿ ಬೇರೆ ಕಣಿವೆಗೆ ಹೋಗುತ್ತದೆ. ಒಂದರ ನೀರು ಇನ್ನೊಂದಕ್ಕೆ ಸೇರುವುದಿಲ್ಲ. ಮೇಲಿನ ನೀರಿಗೆ ಬಿದ್ದ ಕಡ್ಡಿಯೂ ವರ್ಷದಲ್ಲಿ ಕಲ್ಲಿನ ಸಿಪ್ಪೆ ಹೊದ್ದುಕೊಳ್ಳುತ್ತದೆ. ಆ ನೀರಲ್ಲಿ ನೆಂದ ಜಾಕೆಟ್ಟಿನ ಬಕಲ್ಲುಗಳಂತೂ ನನ್ನ ಜೀವ ತಿನ್ನುತ್ತವೆ.

“ಬಿಳಿ ಕಂಡರೆ ಸಾಕಾ?” ಎಂದರು ಇನ್‌ಸ್ಪೆಕ್ಟರ್. “ಸೋಪಿನದೂ ಇರಬಹುದು. ಹಕ್ಕಿಯದೂ ಇರಬಹುದು.”

ನಾನು ಮೇಜಿನ ಕೆಳಗಿನಿಂದ ವಿನೆಗರ್ ಬಾಟಲಿ ತೆಗೆದೆ.

“ಏನದು? ಅಣ್ಣನಿಗೆ ಊಟ ಕಟ್ಟಿ ಕಳಿಸ್ತೀಯಾ?”

“ಬಕಲ್ ಸಿಕ್ಕಿಕೊಂಡರೆ ಇದನ್ನ ಹಾಕ್ತೀವಿ ಸಾರ್. ಸುಣ್ಣ ಬಿಡುತ್ತೆ.”

ಮೊದಲು ಗೋಡೆಯ ಸಾಲಿನಿಂದ ಕೆಳಗಿನ ಕೆರೆಯ ಒಂದು ಜಾಕೆಟ್ ಇಳಿಸಿ ಅದರ ಹೊಲಿಗೆಯ ಮೇಲೆ ನಾಲ್ಕು ಹನಿ ಬಿಟ್ಟೆ. ಹನಿಗಳು ಹಾಗೇ ಇಂಗಿದವು. ಏನೂ ಆಗಲಿಲ್ಲ.

ಆಮೇಲೆ ನಲವತ್ತೊಂದರ ಹೆಗಲ ಮೇಲೆ ಬಿಟ್ಟೆ.

ಸುಯ್ ಎಂದಿತು. ಬಿಳಿ ಗುಳ್ಳೆಗಳು ಒಂದರ ಮೇಲೊಂದು ಎದ್ದು, ಒಡೆದು, ಮತ್ತೆ ಎದ್ದವು. ಹೊಲಿಗೆಯ ಉದ್ದಕ್ಕೂ ನೊರೆ ಹರಿದಾಡಿತು.



ಹಗ್ಗದ ಸರ್ ಹೆಂಡತಿ ಹತ್ತಿರ ಬಂದರು. ನೊರೆಯನ್ನು ಬೆರಳಿನಿಂದ ಮುಟ್ಟಿದರು. “ಅಂದರೆ ಅವರು ಮೇಲೆ ಇದ್ದರು,” ಎಂದರು. “ನಾವು ಎರಡು ದಿನ ಇಲ್ಲಿ ಹುಡುಕ್ತಾ ಕೂತಿದ್ವಿ.” ಅವರು ಹೇಳಿದ್ದು ನನಗಲ್ಲ, ಯಾರಿಗೂ ಅಲ್ಲ.

ನಾನು ಅಣ್ಣನನ್ನು ನೋಡಿದೆ. ಖುಷಿಯಾಗಿರುತ್ತಾನೆ ಎಂದುಕೊಂಡಿದ್ದೆ. ಅಣ್ಣನ ದೋಣಿ ಮೇಲಿನ ಕೆರೆಗೆ ಹೋಗುವುದಿಲ್ಲ, ಅಲ್ಲಿ ದೋಣಿಗೆ ಜಾಗವೇ ಇಲ್ಲ. ಸರ್ ಅಲ್ಲಿ ಕಾಣೆಯಾಗಿದ್ದರೆ ಈ ಜಾಕೆಟ್ ಯಾರೋ ತಂದು ಅವನ ದೋಣಿಯಲ್ಲಿಟ್ಟಿದ್ದಾರೆ, ಅವನ ತಲೆಗೆ ಕಟ್ಟಲು. ಇಷ್ಟು ಸುಲಭದ ಲೆಕ್ಕ.

ಅಣ್ಣನ ಮುಖ ಸುಣ್ಣಕ್ಕಿಂತ ಬೆಳ್ಳಗಿತ್ತು.

“ಮೇಲಿನ ದಾರಿಯ ಗೇಟಿಗೆ ಗುರುವಾರದಿಂದ ಬೀಗ ಅಂದಿದ್ದಿರಿ,” ಎಂದು ಇನ್‌ಸ್ಪೆಕ್ಟರ್ ಶಿಳ್ಳೆಯ ಕಡೆ ತಿರುಗಿದರು.

“ಹೌದು ಸಾರ್. ಎರಡು ಹಲಗೆ ಕಳಚಿ ಬಿದ್ದಿವೆ. ರಿಪೇರಿ ಆಗೋವರೆಗೆ ಯಾರನ್ನೂ ಬಿಡ್ತಿಲ್ಲ.”

“ಬೀಗದ ಕೈ?”

“ಒಂದು ನನ್ನ ಹತ್ರ.” ಶಿಳ್ಳೆಯ ನಗು ಮಾಯವಾಗಿತ್ತು. “ಇನ್ನೊಂದು... ಇದೇ ಕೋಣೆಯ ಮೊಳೆ ಮೇಲಿರುತ್ತೆ. ಯಾರು ಬೇಕಾದರೂ ತಗೋಬಹುದು.”

“ನೀನು ಹೋಗಿದ್ದೆಯಾ?”

“ನಾನಾ? ನಂಗ್ಯಾಕೆ ಬೇಕು ಸಾರ್ ಆ ಉಸಾಬರಿ?”

“ಶನಿವಾರ ಮಧ್ಯಾಹ್ನ ಎಲ್ಲಿದ್ದೆ?”

“ಗೇಟ್ ಹತ್ರ. ಕೆಳಗಡೆ. ಒಬ್ಬನೇ ಇದ್ದೆ.” ಒಬ್ಬನೇ ಎಂದ ಮೇಲೆ ಅದು ತನಗೇ ಕೇಳಿಸಿದವನ ಹಾಗೆ ನಿಂತ. “ಸಾರ್, ಏನು ನನ್ನ ತಲೆ ಮೇಲೆ ಗೂಬೆ ಕೂರಿಸ್ತಿದ್ದೀರಾ? ಜಗಳ ಆಡಿದ್ದು ಅವನು! ಜಾಕೆಟ್ ಸಿಕ್ಕಿದ್ದು ಅವನ ದೋಣಿಯಲ್ಲಿ!”

“ನಮ್ಮಣ್ಣನ ಕೆಲಸದ ಮೇಲೆ ಯಾರಿಗೆ ಕಣ್ಣು ಅಂತ ಎಲ್ಲರಿಗೂ ಗೊತ್ತು,” ಎಂದೆ.

ಈ ಮಾತು ನನ್ನ ಬಾಯಿಂದಲೇ ಬಂದದ್ದು. ನನಗೇ ಆಶ್ಚರ್ಯವಾಯಿತು. ಮೂರು ವರ್ಷ ಅವನ ಗೇಲಿಯನ್ನು ನುಂಗಿಕೊಂಡಿದ್ದೆ. ಬಾಯಿ ಒಂದು ಸಲ ತೆರೆದುಕೊಂಡರೆ ಒಳಗಿದ್ದುದೆಲ್ಲ ಹೊರಗೆ ಬರುತ್ತದೇನೋ.

“ಏ ಮೂಗಿ, ನಾಲಿಗೆ ಬಿಗಿ ಹಿಡಿ!”

“ಸಾಕು,” ಎಂದರು ಇನ್‌ಸ್ಪೆಕ್ಟರ್. ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಬೆಳಕಿಗೆ ಹಿಡಿದರು. ಇನ್ನೂ ಅರ್ಧ ಇತ್ತು. ಅವರ ಮುಖದಲ್ಲಿ ಮೊದಲ ಸಲ ನಗುವಿನಂಥದ್ದೊಂದು ಕಂಡಿತು.

“ಬಟ್ಟೆಗೆ ಹತ್ತಿದ್ದು ಶೂಗೂ ಹತ್ತುತ್ತೆ, ಅಲ್ವಾ?”

“ಹತ್ತುತ್ತೆ ಸಾರ್. ಬಟ್ಟೆಗಿಂತ ಜಾಸ್ತಿ. ಮೇಲಿನ ದಾರಿಯಲ್ಲಿ ಹಲಗೆ ಮೇಲೆಲ್ಲ ನೀರು ಚಿಮ್ಮುತ್ತಿರುತ್ತೆ.”

“ಎಲ್ಲರೂ ಶೂ ಬಿಚ್ಚಿ ಸಾಲಾಗಿ ಇಡಿ.”

ಶಿಳ್ಳೆ ಗೊಣಗುತ್ತಾ ತನ್ನ ಕಪ್ಪು ಶೂ ಬಿಚ್ಚಿದ. ಹಗ್ಗದ ಸರ್ ಹೆಂಡತಿ, ಯಾರೂ ಹೇಳದಿದ್ದರೂ, ತಮ್ಮ ಚಪ್ಪಲಿಯನ್ನೂ ಬಿಟ್ಟರು. ನಾನೂ ಬಿಟ್ಟೆ.

ಅಣ್ಣ ಕದಲಲಿಲ್ಲ.

“ನಿನಗೆ ಬೇರೆ ಹೇಳಬೇಕಾ?”

“ನಾನು ಮೇಲೆ ಹೋಗಿಲ್ಲ ಅಂತ ಮೊದಲೇ ಹೇಳಿದ್ದೀನಲ್ಲ ಸಾರ್.”

“ಹಾಗಾದರೆ ಬಿಚ್ಚೋಕೇನು ಕಷ್ಟ?”

“ಬಿಚ್ಚು ಅಣ್ಣ,” ಎಂದೆ ನಾನು. “ಗೊತ್ತಾಗಲಿ ಇವರಿಗೆ.”

ಅಣ್ಣ ನನ್ನನ್ನೇ ನೋಡುತ್ತಾ ಬಗ್ಗಿದ. ಅವನ ನೋಟದಲ್ಲಿ ಸಿಟ್ಟಿರಲಿಲ್ಲ. ನಾನು ಚಿಕ್ಕವಳಿದ್ದಾಗ ಹೊಸ ಕಂಬಳಿಗೆ ಕತ್ತರಿ ಹಾಕಿದ್ದನ್ನು ಕಂಡು ಹೀಗೇ ನೋಡಿದ್ದ. ಬೈಯಬೇಕೋ ಬೇಡವೋ ಎಂದು ತಿಳಿಯದವನ ಹಾಗೆ.

ಇನ್‌ಸ್ಪೆಕ್ಟರ್ ಶಿಳ್ಳೆಯ ಶೂಗಳ ಮೇಲೆ ಮೊದಲು ಸುರಿದರು. ಕೆಸರು ಕರಗಿ ಕಂದು ನೀರು ಹರಿಯಿತು. ಅಷ್ಟೇ. ಶಿಳ್ಳೆ ಉಸಿರು ಬಿಟ್ಟ.

ಚಪ್ಪಲಿಗಳ ಮೇಲೆ ಸುರಿದರು. ಏನೂ ಇಲ್ಲ.

ಅಣ್ಣನ ಬಿಳಿ ಕ್ಯಾನ್ವಾಸ್ ಶೂಗಳ ಮೇಲೆ ಸುರಿದರು.

ಸುಯ್ ಎಂದಿತು.

ಮೊದಲು ನನಗೆ ಅರ್ಥವಾಗಲಿಲ್ಲ. ಇನ್ನೂ ಜಾಕೆಟ್ಟಿನದೇ ಸದ್ದು ಕಿವಿಯಲ್ಲಿದೆ ಎಂದುಕೊಂಡೆ. ನೊರೆ ಲೇಸಿನ ತೂತುಗಳಿಂದ ಉಕ್ಕಿ ಬಂತು. ಹಿಮ್ಮಡಿಯ ಹೊಲಿಗೆಯಿಂದ ಬಂತು. ಎರಡೂ ಶೂಗಳು ಜೀವ ಬಂದವುಗಳ ಹಾಗೆ ನೊರೆ ಕಾರಿದವು.

“ಈ ಶೂ ಯಾವಾಗ ತೊಳೆದದ್ದು?” ಇನ್‌ಸ್ಪೆಕ್ಟರ್ ಕೇಳಿದ್ದು ನನ್ನನ್ನು. ಬಹಳ ಮೆಲ್ಲಗೆ.

ಸುಳ್ಳು ಹೇಳಬಹುದಿತ್ತು. ಯೋಚಿಸಿ ಮಾತಾಡಿ ಅಭ್ಯಾಸವಿದ್ದವರು ಹೇಳುತ್ತಿದ್ದರು.

“ಶುಕ್ರವಾರ ಸಂಜೆ. ಯಾವಾಗಲೂ ಅತ್ತಿಗೆ ತೊಳೀತಾಳೆ. ಅವಳು ಶುಕ್ರವಾರ ತವರಿಗೆ ಹೋದಳಲ್ಲ, ಅದಕ್ಕೆ ನಾನು ತೊಳೆದೆ.”

“ಚೆನ್ನಾಗಿ ತೊಳೆದೆಯಾ?”

“ಬ್ರಷ್ ಹಾಕಿ.”

“ಅಂದರೆ ಈ ಸುಣ್ಣ ಶುಕ್ರವಾರದ ಮೇಲೆ ಹತ್ತಿದ್ದು.”

ಅಣ್ಣ ಕಣ್ಣು ಮುಚ್ಚಿಕೊಂಡ.

ಬೀಗ ಹಾಕಿದ ದಾರಿ. ಮೊಳೆಯ ಮೇಲಿನ ಬೀಗದ ಕೈ. ಅಣ್ಣನ ಶೂ. ಅಣ್ಣನ ಸುಳ್ಳು. ಮೇಲೆ ಏನೋ ನಡೆದಿತ್ತು, ಅಣ್ಣ ಅಲ್ಲಿದ್ದ. ಅದನ್ನು ಪೊಲೀಸರ ಮುಂದೆ ತಟ್ಟೆಯಲ್ಲಿಟ್ಟು ಕೊಟ್ಟವಳು ನಾನು.

ಹಗ್ಗದ ಸರ್ ಹೆಂಡತಿ ಕೈ ಎತ್ತಿದ್ದು ಕಾಣಿಸಲಿಲ್ಲ, ಸದ್ದು ಮಾತ್ರ ಕೇಳಿಸಿತು. ಅಣ್ಣನ ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದವು. ಪೇದೆ ಅವರನ್ನು ಹಿಂದಕ್ಕೆ ಎಳೆದ.

“ಬಿಡ್ರೀ ನನ್ನ!” ಎಂದರು ಅವರು. “ಆ ತಂಗಿಗೆ ಇರೋ ನಿಯತ್ತು ಇವನಿಗಿಲ್ಲ!”

ಅದು ಹೊಗಳಿಕೆಯಾಗಿತ್ತು. ನನ್ನ ಮುಖಕ್ಕೆ ಹೊಡೆದ ಹಾಗಾಯಿತು.

“ಮುಳುಗು ತಜ್ಞರಿಗೆ ಹೇಳು,” ಎಂದು ಇನ್‌ಸ್ಪೆಕ್ಟರ್ ಪೇದೆಗೆ ಅಪ್ಪಣೆ ಮಾಡಿದರು. “ಸಾಮಾನೆಲ್ಲ ಎತ್ತಿಕೊಂಡು ಮೇಲಿನ ಕೆರೆಗೆ ಹೊರಡಲಿ. ಜಲಪಾತದ ಹಿಂದೆ ಇರೋ ಗವಿಯನ್ನೂ ನೋಡಲಿ.”

“ಬೇಡ!”

ಅಣ್ಣ ಎದ್ದು ನಿಂತಿದ್ದ. ಸ್ಟೂಲು ಉರುಳಿ ಬಿತ್ತು.

“ಬೇಡ ಸಾರ್. ಮೇಲಕ್ಕೆ ಯಾರನ್ನೂ ಕಳಿಸಬೇಡಿ. ನಾನೇ ಮಾಡಿದ್ದು. ಜಗಳ ಆಯ್ತು, ತಳ್ಳಿದೆ. ಇಲ್ಲೇ, ಕೆಳಗಿನ ಕೆರೆಯಲ್ಲೇ. ಬರೆದುಕೊಳ್ಳಿ. ಎಲ್ಲಿ ಬೇಕಾದರೂ ಸಹಿ ಹಾಕ್ತೀನಿ. ನಡೀರಿ, ಲಾಂಚ್ ಹತ್ತೋಣ.”

ಇನ್‌ಸ್ಪೆಕ್ಟರ್ ಅವನ ಶೂಗಳನ್ನು ನೋಡಿದರು. ನೊರೆ ಇನ್ನೂ ಸಣ್ಣಗೆ ಸದ್ದು ಮಾಡುತ್ತಿತ್ತು.

“ಎರಡು ದಿನ ‘ನಾನಲ್ಲ’ ಅಂದೆ. ಮೇಲಕ್ಕೆ ಹೋಗ್ತೀವಿ ಅಂದ ತಕ್ಷಣ ‘ನಾನೇ’ ಅಂತೀಯ,” ಎಂದರು. “ಅಂಥದ್ದೇನಪ್ಪಾ ಇದೆ ಅಲ್ಲಿ?”

ಅಣ್ಣ ಎರಡೂ ಕೈಗಳನ್ನು ಮುಂದೆ ಚಾಚಿದ.

ಬೇಡಿ ಹಾಕಿದರು. ಬರಿಗಾಲಿನಲ್ಲೇ ಕರೆದೊಯ್ದರು. ಹೊಸ್ತಿಲ ಹತ್ತಿರ ಅಣ್ಣ ಒಂದು ಗಳಿಗೆ ನಿಂತ. ಬೈಯುತ್ತಾನೆ ಎಂದು ಕಾದೆ.

“ಹಿಂದಿನ ಬಾಗಿಲು ಹಾಕ್ಕೋ ಪುಟ್ಟೀ,” ಎಂದ. “ಗಾಳಿ ಬರ್ತಿದೆ.”

ಅಷ್ಟೇ. ಎಲ್ಲರೂ ದೋಣಿಕಟ್ಟೆಯ ಕಡೆ ಹೋದರು. ಶಿಳ್ಳೆ ಕೊನೆಯಲ್ಲಿ ಹೊರಟವನು ತಿರುಗಿ, “ಇನ್ನು ಮೇಲೆ ಮೂಗಿಯಾಗೇ ಇರು ತಾಯಿ,” ಎಂದು ಕೈ ಮುಗಿದ.

ನನ್ನ ಕೈ ಸುಮ್ಮನೆ ಕೂರಲಾರದೆ ಬಟ್ಟೆ ಎತ್ತಿಕೊಂಡು ನೆಲ ಒರೆಸಿತು. ಬಕೆಟ್ ತುಂಬಿತು. ಚೆಲ್ಲಲು ಹಿಂದಕ್ಕೆ ಹೋದೆ.

ಹಿಂದಿನ ಬಾಗಿಲು ಬೆರಳು ತೂರುವಷ್ಟು ತೆರೆದಿತ್ತು. ಗಾಳಿ ಎಂದಿದ್ದ ಅಣ್ಣ. ಹೊರಗೆ ಎಲೆಯೂ ಅಲುಗುತ್ತಿರಲಿಲ್ಲ.

ಬಾಗಿಲ ಪಕ್ಕದ ಮೊಳೆ ಬರಿದಾಗಿತ್ತು.

ಔಷಧದ ಪೆಟ್ಟಿಗೆ ಇಲ್ಲ. ಪೇದೆ ಅದನ್ನು ಮತ್ತೆ ಸಿಕ್ಕಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಆಗ ಹನ್ನೊಂದು ಗಂಟೆ ಹತ್ತು ನಿಮಿಷವೂ ಆಗಿರಲಿಲ್ಲ. ಆಮೇಲೆ ನಾವೆಲ್ಲ ಮೇಜಿನ ಸುತ್ತ, ಇತ್ತ ಬೆನ್ನು ಹಾಕಿ, ನೊರೆ ನೋಡುತ್ತಾ ನಿಂತಿದ್ದೆವು. ಅಣ್ಣನೊಬ್ಬನನ್ನು ಬಿಟ್ಟು. ಅವನ ಮುಖ ಈ ಬಾಗಿಲ ಕಡೆಗಿತ್ತು.

ಬಕೆಟ್ ಕೆಳಗಿಟ್ಟು ಬಾಗಿಲು ತಳ್ಳಿದೆ.

ಹಿಂದಿನ ಜಾಗದಲ್ಲಿ ಜಾಕೆಟ್ ಒಣಗಿಸುವ ತಂತಿ ಇದೆ. ತಂತಿಯ ಆಚೆ ಪೊದೆ, ಪೊದೆಯ ಆಚೆ ಗುಡ್ಡ. ಉದ್ಯಾನ ಮುಚ್ಚಿ ಎರಡು ದಿನವಾದ್ದರಿಂದ ತಂತಿ ಖಾಲಿ ಇರಬೇಕಿತ್ತು.

ಖಾಲಿ ಇರಲಿಲ್ಲ.

ನಂಬರ್ ಅಳಿಸಿಹೋದ ಒಂದು ಹಳೇ ಜಾಕೆಟ್. ಕೆಲಸಕ್ಕೆ ಬಾರದು ಎಂದು ಹೋದ ವರ್ಷವೇ ಮೂಲೆಗೆ ಎಸೆದಿದ್ದು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂಚು ಆಗಲೇ ಬೆಳ್ಳಗಾಗುತ್ತಿತ್ತು.

ಪ್ರವಾಸಕ್ಕೆ ಬಂದವರು ಜಾಕೆಟ್ಟನ್ನು ಎಲ್ಲೆಂದರಲ್ಲಿ ಎಸೆದು ಹೋಗುತ್ತಾರೆ. ಶಿಳ್ಳೆ ಕೊಕ್ಕೆಗೆ ಕಾಲರ್ ಸಿಕ್ಕಿಸುತ್ತಾನೆ. ಇದು ತಲೆಕೆಳಗಾಗಿ ನೇತಾಡುತ್ತಿತ್ತು. ಮೂರು ಬಕಲ್ಲೂ ಹಾಕಿತ್ತು. ಪಟ್ಟಿಗಳ ತುದಿಯನ್ನು ಮಡಿಸಿ ಒಳಗೆ ಸಿಕ್ಕಿಸಿತ್ತು. ಹಾಗೆ ಮಾಡಿದರೆ ನೀರು ಬೇಗ ಇಳಿಯುತ್ತದೆ, ಪಟ್ಟಿ ಗಾಳಿಗೆ ಗಂಟಾಗುವುದಿಲ್ಲ. ಇಡೀ ಉದ್ಯಾನದಲ್ಲಿ ಜಾಕೆಟ್ಟನ್ನು ಹೀಗೆ ಒಣಹಾಕುವವರು ನಮ್ಮ ಮನೆಯ ಮೂರೇ ಜನ. ನಾನು, ಅಣ್ಣ, ನನಗಿಂತ ಮೊದಲು ಈ ಕೋಣೆ ನೋಡಿಕೊಳ್ಳುತ್ತಿದ್ದ ಅತ್ತಿಗೆ. ಕಲಿಸಿದವಳೂ ಅವಳೇ. ಒದ್ದೆ ಜಾಕೆಟ್ ಕೈಗೆ ಬಂದರೆ ಅವಳಿಗೆ ಹೀಗಲ್ಲದೆ ಬೇರೆ ಥರ ಇಡಲು ಬರುವುದೇ ಇಲ್ಲ. ಮನೆಗೆ ಬೆಂಕಿ ಬಿದ್ದರೂ ಮೊದಲು ಬಕಲ್ ಹಾಕುತ್ತಾಳೆ ಎಂದು ಅಣ್ಣ ನಗುತ್ತಿದ್ದ.

ನಾನು ಹತ್ತಿರ ಹೋಗಿ ನೋಡಿದೆ. ಪಟ್ಟಿಯ ತುದಿಗಳು ಎಡಗಡೆಗೆ ಸಿಕ್ಕಿಸಿದ್ದವು.

ಅತ್ತಿಗೆ ಎಡಗೈಯವಳು. ಅವಳು ಮಾಡಿದ್ದನ್ನೆಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿಕೊಂಡು ನಾನು ಕಲಿತದ್ದು. ನನ್ನದೂ ಅಣ್ಣನದೂ ಬಲಗಡೆಗೆ ಬರುತ್ತದೆ.

ಶುಕ್ರವಾರ ಅವಳನ್ನು ನಾವಿಬ್ಬರೂ ಬಸ್ಸು ಹತ್ತಿಸಿದ್ದೆವು. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಕೈ ಬೀಸಿದ್ದೆ. ತಿರುವಿನ ಆಚೆ ಇನ್ನೊಂದು ನಿಲ್ದಾಣವಿದೆ ಎಂಬುದು ನನಗೆ ಹೊಳೆದಿರಲಿಲ್ಲ.

ನಲವತ್ತೊಂದನೇ ಜಾಕೆಟ್ಟನ್ನು ದೋಣಿಯಲ್ಲಿಟ್ಟಿದ್ದು ಅಣ್ಣನೇ. ಎಲ್ಲರೂ ಕೆಳಗಿನ ಕೆರೆಯಲ್ಲೇ ಹುಡುಕುತ್ತಿರಲಿ, ಮೇಲಕ್ಕೆ ಯಾರೂ ಕಣ್ಣೆತ್ತದಿರಲಿ ಎಂದು ತನ್ನ ಕುತ್ತಿಗೆಯನ್ನೇ ಒಡ್ಡಿದ್ದ. ನಾನು ನಾಲ್ಕು ಹನಿ ಹಾಕಿ ಅದನ್ನು ತೊಳೆದುಬಿಟ್ಟೆ.

ಮತ್ತೆ ಆ ಪೆಟ್ಟಿಗೆ, ಅದನ್ನು ಒಯ್ದವಳೂ ಅವಳೇ. ಸತ್ತವರ ಗಾಯಕ್ಕೆ ಯಾರೂ ಬಟ್ಟೆ ಕಟ್ಟುವುದಿಲ್ಲ.

ದೋಣಿಕಟ್ಟೆಯಿಂದ ಲಾಂಚಿನ ಹಾರ್ನ್ ಒಮ್ಮೆ ಕೂಗಿತು. ಇನ್ನೊಮ್ಮೆ ಕೂಗಿದರೆ ಹೊರಡುತ್ತದೆ. ಈಗ ಓಡಿದರೆ ಅಣ್ಣನನ್ನು ಇಳಿಸಬಹುದು. ಹಗ್ಗದ ಸರ್ ಬದುಕಿರಬಹುದು ಎಂದು ಅವರ ಹೆಂಡತಿಗೆ ಹೇಳಬಹುದು. ಹಾಗೆ ಹೇಳಿದರೆ ಅತ್ತಿಗೆಯ ಹೆಸರನ್ನೂ ಹೇಳಬೇಕು. ಅಣ್ಣ ಕೊಲೆಗಾರನೆಂದು ಒಪ್ಪಿಕೊಂಡು ಮುಚ್ಚಿಟ್ಟ ಹೆಸರು ಅದು.

ಇವತ್ತು ಒಂದು ಸಲ ಬಾಯಿ ಬಿಟ್ಟಾಗಿತ್ತು. ಏನಾಯಿತೆಂದು ನೋಡಿಯೂ ಆಗಿತ್ತು.

ನನ್ನ ಕೈ ಮೊದಲ ಬಕಲ್ ಬಿಚ್ಚಿತು. ಎಡಗಡೆಯ ಪಟ್ಟಿ ಎಳೆದು ಜೋಲು ಬಿಟ್ಟಿತು. ಎರಡನೆಯದನ್ನೂ ಬಿಚ್ಚಿತು. ಬಂದವರು ಯಾರೋ ಎಸೆದು ಹೋದ ಹಾಗೆ ಕಾಣಬೇಕು. ಮೂರನೆಯದು ಆಗಲೇ ಸುಣ್ಣಕ್ಕೆ ಬಿಗಿದುಕೊಂಡಿತ್ತು. ಎರಡೂ ಹೆಬ್ಬೆರಳಿಂದ ಒತ್ತಿದೆ. ಬರಲಿಲ್ಲ. ಇನ್ನೂ ಬಲವಾಗಿ ಒತ್ತಿದೆ.

“ಅದಕ್ಕೆ ಇದು ಬೇಕಾಗುತ್ತೆ ಅಲ್ವಾ?”

ತಿರುಗಿದೆ. ಇನ್‌ಸ್ಪೆಕ್ಟರ್ ಹೊಸ್ತಿಲ ಮೇಲೆ ನಿಂತಿದ್ದರು. ಅವರ ಕೈಯಲ್ಲಿ ನನ್ನ ವಿನೆಗರ್ ಬಾಟಲಿ ಇತ್ತು. ಅವರ ಕಣ್ಣು ನನ್ನ ಮೇಲಿರಲಿಲ್ಲ. ಜಾಕೆಟ್ಟಿನಿಂದ ಬೀಳುತ್ತಿದ್ದ ಹನಿಗಳ ಮೇಲಿತ್ತು. ಅಲ್ಲಿಂದ ಪೊದೆಯ ಕಡೆಗೆ ಹೋಗಿದ್ದ ಒದ್ದೆ ಹೆಜ್ಜೆಗಳ ಮೇಲೆ ಹೋಯಿತು.

ಪುಟ್ಟ ಹೆಜ್ಜೆಗಳು. ಹೆಂಗಸಿನವು. ನಾನು ಅವನ್ನು ನೋಡಿರಲೇ ಇಲ್ಲ.

ಎರಡನೇ ಹಾರ್ನ್ ಕೂಗಿತು.

“ನಿಮ್ಮತ್ತಿಗೆಯ ತವರು ಯಾವ ಕಡೆ ಅಂದೆ, ಮಗಳೇ?”